ಇಬ್ಬರ ಮಸೂದೆ

ಮಾರ್ಚ್ ೩

ಪ್ರೀತಿಯ ಅಕ್ಕನಿಗೆ,

ಶುಕ್ರವಾರ ಸಂಜೆಯಿಂದ ನೀನು ಫೋನ್ ಎತ್ತುತ್ತಿಲ್ಲ. ಇವತ್ತು ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಗೇ ಮಾಡಿದೆ. ಅಂಗಡಿಯ ಯಜಮಾನರು, ಅಕ್ಕನವರು ಗಾಜು ಉಜ್ಜುವ ಯಂತ್ರದ ಮುಂದೆ ಕೂತಿದ್ದಾರೆ, ಆ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ ಎಂದರು. ಯಂತ್ರದ ಸದ್ದು ನನಗಂತೂ ಕೇಳಿಸಲಿಲ್ಲ. ಹಾಗಾಗಿ ಈ ಕಾಗದ.

ಪತ್ರಿಕೆಯವರು ಮಸೂದೆಗೆ ಸೋಲಾಯಿತು ಎಂದು ಬರೆದಿದ್ದಾರೆ. ಅದು ತಪ್ಪು. ಯಾರೂ ನಮ್ಮ ವಿರುದ್ಧ ಮತ ಹಾಕಲಿಲ್ಲ. ವಿಷಯ ಮತದವರೆಗೆ ಹೋಗಲೇ ಇಲ್ಲ. ಹೇಗೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ಸರ್ಕಾರ ತರುವ ಮಸೂದೆಗಳಿಗೆ ವಾರವಿಡೀ ಸಮಯವಿದೆ. ನನ್ನಂಥ ಒಬ್ಬ ಶಾಸಕ ಸ್ವಂತವಾಗಿ ತರುವ ಮಸೂದೆಗೆ ಇರುವುದು ತಿಂಗಳ ಕೊನೆಯ ಶುಕ್ರವಾರ ಮಾತ್ರ. ಅವತ್ತು ಮಧ್ಯಾಹ್ನ ಎರಡೂವರೆಗೆ ಗಂಟೆ ಹೊಡೆಯುತ್ತದೆ. ಆ ಹೊತ್ತಿಗೆ ಯಾರಾದರೂ ಮಾತಾಡುತ್ತ ನಿಂತಿದ್ದರೆ ಚರ್ಚೆ ಮುಗಿದಿಲ್ಲ ಎಂದು ಅರ್ಥ. ಮಸೂದೆ ಸರದಿಯ ಬಾಲಕ್ಕೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಒಂದು ಕಾನೂನು ಬೇಡವಾದವರು ಅದನ್ನು ವಿರೋಧಿಸಬೇಕಾಗಿಯೇ ಇಲ್ಲ. ಮಾತಾಡುತ್ತಿದ್ದರೆ ಸಾಕು.

ನಮ್ಮದು ಒಂದೂವರೆ ಪುಟದ ಮಸೂದೆ. ರಿಪೇರಿಗೆಂದು ಲಿಫ್ಟಿನ ಬಾವಿಯೊಳಗೆ ಇಳಿಯುವವನನ್ನು ಒಬ್ಬನೇ ಕಳಿಸಬಾರದು. ಅವನು ಹೊರಗೆ ಬರುವ ತನಕ ಇನ್ನೊಬ್ಬ ಮೇನ್ ಸ್ವಿಚ್ಚಿನ ಹತ್ತಿರ ನಿಂತಿರಬೇಕು. ಇಷ್ಟೇ. ಇಲ್ಲಿ ಎಲ್ಲರೂ ಅದನ್ನು ಇಬ್ಬರ ಮಸೂದೆ ಎನ್ನುತ್ತಾರೆ. ಇದರಲ್ಲಿ ಮಾತಾಡಲು ಏನಿದೆ ಎಂದು ನೀನು ಕೇಳಬಹುದು. ಲಿಫ್ಟ್ ಕಂಪನಿಗಳ ಪರವಾಗಿ ಜೋಗುಳ ಎದ್ದು ನಿಂತ. ಇದು ನಾವು ಅವನಿಗಿಟ್ಟ ಹೆಸರು. ಅವನ ಭಾಷಣಕ್ಕೆ ಅವನ ಪಕ್ಷದವರೇ ತೂಕಡಿಸುತ್ತಾರೆ. ಮನುಷ್ಯ ಮೆಟ್ಟಿಲು ಹತ್ತಲು ಕಲಿತದ್ದು ಹೇಗೆ ಎಂಬಲ್ಲಿಂದ ಶುರು ಮಾಡಿದ. ಹೋಟೆಲಿನ ಅಡುಗೆಮನೆಯಿಂದ ಮಹಡಿಗೆ ತಟ್ಟೆ ಸಾಗಿಸುವ ಡಬ್ಬಿಯೂ ಲಿಫ್ಟೇ ಅಲ್ಲವೇ, ಅದರೊಳಗೆ ಇಬ್ಬರು ಹಿಡಿಸುತ್ತಾರೆಯೇ ಎಂದು ಕೇಳಿದ. ಹೇಳಿದ್ದನ್ನೇ ಹೇಳಿದರೆ, ವಿಷಯ ಬಿಟ್ಟು ಹೋದರೆ ಸಭಾಧ್ಯಕ್ಷೆ ಕೂರಿಸಬಹುದು. ಅವನು ಎರಡನ್ನೂ ಮಾಡುವುದಿಲ್ಲ. ಅದೊಂದು ವಿದ್ಯೆ.

ಆಮೇಲೆ, ಇನ್ನೂ ಹೊತ್ತಿರುವಾಗಲೇ, ತಾನಾಗಿ ಕೂತುಬಿಟ್ಟ. ಸತ್ತ ಹುಡುಗನ ಸೋದರಮಾವನೇ ನಮ್ಮ ನಡುವೆ ಇರುವಾಗ ತಾನು ಹೆಚ್ಚು ಮಾತಾಡುವುದು ಸಭ್ಯತೆಯಲ್ಲ ಎಂದ. ಮಸೂದೆ ತಂದವನಿಗೆ ಕೊನೆಯ ಉತ್ತರದ ಹಕ್ಕಿದೆ. ನಾನು ಎದ್ದೆ.

ನಾನು ನಿನ್ನ ಮಗನ ಬಗ್ಗೆ ಮಾತಾಡಿದೆ, ಅಕ್ಕ. ಚಿಕ್ಕಂದಿನಲ್ಲಿ ಅವನು ನನ್ನ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದ್ದು, ಅವನಿಗೆ ನಮ್ಮ ಅಮ್ಮನ ಕಣ್ಣಿದ್ದದ್ದು, ಮೊದಲ ಸಂಬಳದಲ್ಲಿ ನಿನಗೆ ಕುರ್ಚಿ ತಂದದ್ದು. ಸದನದಲ್ಲಿ ಎಲ್ಲರೂ ನನ್ನ ಕಡೆಗೇ ತಿರುಗಿ ಕೂತಿದ್ದರು. ಇಷ್ಟು ವರ್ಷದಲ್ಲಿ ನನ್ನ ಮಾತನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೊನೆಯ ವಾಕ್ಯಕ್ಕೆ ಬಂದಿದ್ದೆ, ಗಂಟೆ ಹೊಡೆಯಿತು.

ಎರಡೂ ಕಡೆಯವರು ಎದ್ದು ನಿಂತು ಗೌರವ ತೋರಿಸಿದರು. ಜೋಗುಳನೇ ಬಂದು ಕೈ ಹಿಡಿದುಕೊಂಡ. ಈಗ ಎಲ್ಲರ ಮನಸ್ಸು ನಮ್ಮ ಕಡೆ ಇದೆ. ಇದು ಸಣ್ಣ ಗಳಿಕೆಯಲ್ಲ.

ಫೋನ್ ಎತ್ತು.

ನಿನ್ನ ತಮ್ಮ


ಮಾರ್ಚ್ ೭

ತಮ್ಮನಿಗೆ,

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಗೆಲ್ಲುತ್ತೀಯ. ಏನಿದ್ದರೂ ಬರೆ. ಬರೆದದ್ದನ್ನು ನಾನು ಎರಡು ಸಲ ಓದಬಹುದು.

ಎರಡು ಸಲ ಓದಿದೆ. ನಿನ್ನ ಭಾಷಣದ ವರದಿಯನ್ನು ಸ್ಪ್ಯಾನರ್ ಎಲ್ಲಿಂದಲೋ ತಂದುಕೊಟ್ಟ. ಅವನನ್ನು ನೀನು ನೋಡಿದ್ದೀಯ, ನನ್ನ ಮಗನ ಜೊತೆ ಕೆಲಸ ಮಾಡುತ್ತಿದ್ದ ಉದ್ದನೆಯ ಹುಡುಗ. ಅವತ್ತು ಕಂಪನಿ ಅವನನ್ನು ಬೇರೆ ಕಟ್ಟಡಕ್ಕೆ ಕಳಿಸದೆ ಇದ್ದಿದ್ದರೆ ಸ್ವಿಚ್ಚಿನ ಹತ್ತಿರ ಅವನೇ ನಿಂತಿರುತ್ತಿದ್ದ. ಕೆಳಗಿನ ಅಂಗಡಿಯವನು ಲಿಫ್ಟ್ ಯಾಕೆ ಓಡುತ್ತಿಲ್ಲ ಎಂದು ಸ್ವಿಚ್ಚು ಹಾಕುತ್ತಿರಲಿಲ್ಲ. ಇದನ್ನು ನಿನಗೆ ಮತ್ತೆ ಹೇಳಬೇಕಾಗಿಲ್ಲ. ಆದರೆ ವರದಿಯಲ್ಲಿ ಹುಡುಕಿದೆ. ನಿನ್ನ ಭಾಷಣದಲ್ಲಿ ಗಡಿಯಾರ ಇದೆ, ಕುರ್ಚಿ ಇದೆ, ಸ್ವಿಚ್ಚು ಇಲ್ಲ.

ಅವನಿಗೆ ಅಮ್ಮನ ಕಣ್ಣಿರಲಿಲ್ಲ. ಅವನ ಅಪ್ಪನ ಕಣ್ಣಿತ್ತು. ಕಣ್ಣಿನ ವಿಷಯ ನನಗೆ ಹೇಳಬೇಡ.

ನನಗೆ ತಿಳಿದದ್ದು ಇಷ್ಟು. ಜೋಗುಳ ಬೇಕೆಂದೇ ಹೊತ್ತು ಉಳಿಸಿ ಕೂತ. ನೀನು ಎದ್ದು “ಮತಕ್ಕೆ ಹಾಕಿ” ಎಂದು ಹೇಳಿ ಕೂತಿದ್ದರೆ ಮುಗಿದುಹೋಗುತ್ತಿತ್ತು. ಹೌದೋ ಅಲ್ಲವೋ? ಅವನು ನಿನ್ನ ಮುಂದೆ ಕನ್ನಡಿ ಹಿಡಿದ. ನೀನು ತಲೆ ಬಾಚಿಕೊಳ್ಳುತ್ತ ನಿಂತೆ.

ಮಾತು ಮನೆ ಕೆಡಿಸಿತು ಎಂದು ಅಪ್ಪ ನಿನ್ನನ್ನು ನೋಡಿಯೇ ಹೇಳುತ್ತಿದ್ದರು. ಆಗ ನಗುತ್ತಿದ್ದೆವು. ವರದಿ ಓದಿ ಮುಗಿಸಿದ ಮೇಲೆ ಸ್ಪ್ಯಾನರ್ ನನ್ನನ್ನು ಒಂದು ಮಾತು ಕೇಳಿದ: “ಅಮ್ಮಾ, ಇವರು ನಮ್ಮ ಕಡೆಯವರಾ, ಅವರ ಕಡೆಯವರಾ?” ಏನು ಹೇಳಲಿ, ನೀನೇ ಬರೆ.

ಅಕ್ಕ


ಮಾರ್ಚ್ ೧೯

ಅಕ್ಕ,

ಹೌದು. ಅಷ್ಟು ಹೇಳಿ ಕೂತಿದ್ದರೆ ಸಾಕಿತ್ತು.

ಆದರೆ ನೀನು ಅಲ್ಲಿರಲಿಲ್ಲ. ಮತಕ್ಕೆ ಹಾಕಿದ್ದರೆ ಗೆಲ್ಲುತ್ತಿದ್ದೆವು ಎಂದು ಯಾರು ಹೇಳಿದರು? ಅರ್ಧಕ್ಕರ್ಧ ಜನ ಮಸೂದೆ ಓದಿಯೇ ಇರಲಿಲ್ಲ. ಸತ್ತವನು ಒಬ್ಬ ಮನುಷ್ಯ, ಅಂಕಿಯಲ್ಲ ಎಂದು ಅವರಿಗೆ ತಿಳಿಸಬೇಕಿತ್ತು. ಅದು ನನ್ನ ಕೆಲಸ. ಸಭಾಧ್ಯಕ್ಷೆ ಎರಡು ಸಲ ಗೋಡೆಯ ಗಡಿಯಾರದ ಕಡೆ ನೋಡಿದರು. ಎರಡನೆಯ ಸಲ ನಾನೂ ನೋಡಿದೆ. ಒಂದು ವಾಕ್ಯಕ್ಕೆ ಹೊತ್ತಿದೆ ಎನ್ನಿಸಿತು.

ಜೋಗುಳ ಕೆಟ್ಟವನಲ್ಲ, ಅದೂ ನಿನಗೆ ಗೊತ್ತಿರಲಿ. ಅವನು ತನ್ನ ಕೆಲಸ ಮಾಡುತ್ತಾನೆ. ಕ್ಯಾಂಟೀನಿನಲ್ಲಿ ನಾವು ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿಯುತ್ತೇವೆ. ಸೋಮವಾರ ಅವನೇ ಕೇಳಿದ, ನಿಮ್ಮ ಅಕ್ಕ ಹೇಗಿದ್ದಾರೆ ಎಂದು. ಚೆನ್ನಾಗಿದ್ದಾಳೆ ಎಂದೆ.

ಸರದಿಯಲ್ಲಿ ನಮ್ಮ ಮುಂದೆ ಹದಿನಾಲ್ಕು ಮಸೂದೆಗಳಿವೆ. ಮುಂದಿನ ವರ್ಷ ಖಂಡಿತ ಬರುತ್ತದೆ.

ತಮ್ಮ


ಜೂನ್ ೧೧

ತಮ್ಮನಿಗೆ,

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ.

ನಿನ್ನೆ ದೊಡ್ಡಾಸ್ಪತ್ರೆಯಲ್ಲಿ ಇನ್ನೊಬ್ಬ ಹೋದ. ರೋಗಿಗಳನ್ನು ಸ್ಟ್ರೆಚರ್ ಸಮೇತ ಒಯ್ಯುವ ಲಿಫ್ಟ್. ಬಾವಿಯ ತಳದಲ್ಲಿ ಒಬ್ಬನೇ ಇದ್ದ. ಮೇಲೆ ಯಾರಿಗೋ ಅವಸರವಿತ್ತು. ಸ್ವಿಚ್ಚಿಗೆ ಒಂದು ಬೋರ್ಡ್ ನೇತುಹಾಕಿದ್ದನಂತೆ, ‘ಕೆಲಸ ನಡೆಯುತ್ತಿದೆ’ ಎಂದು. ಬೋರ್ಡ್ ನೆಲದ ಮೇಲೆ ಬಿದ್ದಿತ್ತು.

ಸ್ಪ್ಯಾನರ್ ಜೊತೆ ಹೋಗಿದ್ದೆ. ಶವಾಗಾರದ ಹೊರಗೆ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಅವನ ಹೆಲ್ಮೆಟ್ಟು. ನಾನು ಯಾರು ಎಂದು ಕೇಳಿದಳು. ಹೇಳಿದೆ. ಅವಳಿಗೆ ನಮ್ಮ ಸುದ್ದಿ ಗೊತ್ತಿತ್ತು. ಗಂಡ ಓದಿ ಹೇಳಿದ್ದನಂತೆ, ಕಾನೂನು ಬರುತ್ತೆ, ಇನ್ನು ಮೇಲೆ ಜೊತೆಗೊಬ್ಬ ಇರ್ತಾನೆ ಅಂತ.

“ಅದು ಏನಾಯ್ತಕ್ಕಾ?” ಎಂದಳು.

ನನ್ನ ತಮ್ಮ ಭಾಷಣ ಮಾಡುತ್ತಿದ್ದ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಮುಂದಿನ ವರ್ಷ ಖಂಡಿತ ಬರುತ್ತದೆ ಎಂದು ಹೇಳಲೂ ಇಲ್ಲ.

ಮುಂದಿನ ಸಲ ಜೋಗುಳನ ಜೊತೆ ಚಹಾ ಕುಡಿಯುವಾಗ ಅವನು ಕೇಳಿದರೆ, ನಿನ್ನ ಅಕ್ಕ ಚೆನ್ನಾಗಿಲ್ಲ ಎಂದು ಹೇಳು.

ಅಕ್ಕ


ಸೆಪ್ಟೆಂಬರ್ ೨

ಅಕ್ಕ,

ಈ ತಿಂಗಳ ಕೊನೆಯ ಶುಕ್ರವಾರ ನಮ್ಮ ಮಸೂದೆ ಬರುತ್ತದೆ. ಸರದಿಯಲ್ಲಿ ಮೊದಲಿದ್ದವರು ಜಾಗ ಬಿಟ್ಟುಕೊಟ್ಟರು. ಬದಲಿಗೆ ನಾನು ಅಧ್ಯಕ್ಷನಾಗಿದ್ದ ಶಿಕ್ಷಣ ಸಮಿತಿಯನ್ನು ಅವರಿಗೆ ಬಿಟ್ಟುಕೊಟ್ಟೆ. ಇದನ್ನು ಹೊಗಳಿಕೆಗೆ ಬರೆದದ್ದಲ್ಲ. ಬೇರೆಯವರಿಂದ ತಿಳಿಯುವುದು ಬೇಡ ಎಂದು.

ಈ ಸಲ ಜೋಗುಳ ತಾನಾಗಿ ಕೂರುವುದಿಲ್ಲ. ಅವನನ್ನು ನಿಲ್ಲಿಸಲು ಒಂದೇ ದಾರಿ. ಯಾರಾದರೂ ಒಬ್ಬರು ಮಧ್ಯೆ ಎದ್ದು, ಚರ್ಚೆ ಸಾಕು, ಮತಕ್ಕೆ ಹಾಕಿ ಎಂದು ಕೇಳಬೇಕು. ಎರಡೂ ಕಡೆಯವರಿಗೆ ಮಾತಾಡಲು ಸಾಕಷ್ಟು ಅವಕಾಶ ಸಿಕ್ಕಿದೆ ಎಂದು ಸಭಾಧ್ಯಕ್ಷೆಗೆ ಅನ್ನಿಸಬೇಕು. ಆಮೇಲೆ ನೂರು ಜನ ಎದ್ದು ನಿಲ್ಲಬೇಕು. ತೊಂಬತ್ತೊಂಬತ್ತಾದರೆ ಅವನು ಮುಂದುವರಿಸಬಹುದು. ಶುಕ್ರವಾರ ಮಧ್ಯಾಹ್ನ ಶಾಸಕರೆಲ್ಲ ಊರಿಗೆ ಹೊರಡುವ ಹೊತ್ತು. ನೂರು ಜನರನ್ನು ಕೂರಿಸುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಜೂನ್ ತಿಂಗಳಿಂದ ಒಬ್ಬೊಬ್ಬರ ಮನೆಗೆ ಹೋಗಿ ಮಾತು ತೆಗೆದುಕೊಂಡು ಬಂದಿದ್ದೇನೆ. ಆಸ್ಪತ್ರೆಯ ಸಾವಿನ ಬಗ್ಗೆ ಹೇಳಿದೆ, ಎದ್ದು ಬಂದೆ. ಹೆಚ್ಚು ಮಾತಾಡಲಿಲ್ಲ.

ಎದ್ದು ಕೇಳುವವನು ನಾನಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಶಾಸಕರು, ನಾವೆಲ್ಲ ಟೀಚರ್ ಎಂದು ಕರೆಯುವವರು, ಕೇಳುತ್ತಾರೆ. ಅವರ ಮಾತಿಗೆ ಯಾರೂ ಅಡ್ಡ ಬರುವುದಿಲ್ಲ.

ಒಂದು ಕೇಳಿಕೆ. ನೀನು ಬರಬೇಡ. ಮೇಲೆ ಪ್ರೇಕ್ಷಕರ ಸಾಲಿನಲ್ಲಿ ನಿನ್ನನ್ನು ಕಂಡರೆ ಅವನು ಏನಾದರೂ ಹೇಳಿ ಕೆಣಕುತ್ತಾನೆ. ಅಲ್ಲಿಂದ ಯಾರಾದರೂ ಕೂಗಿದರೆ ಕಲಾಪ ನಿಲ್ಲಿಸಿ ಸಾಲು ಖಾಲಿ ಮಾಡಿಸುತ್ತಾರೆ. ಅಷ್ಟರಲ್ಲಿ ಹೊತ್ತು ಹೋಗುತ್ತದೆ. ಅವನಿಗೆ ಬೇಕಾಗಿರುವುದೂ ಅದೇ.

ತಮ್ಮ


ಸೆಪ್ಟೆಂಬರ್ ೮

ತಮ್ಮನಿಗೆ,

ಬರುತ್ತೇನೆ. ಸ್ಪ್ಯಾನರ್ ಬರುತ್ತಾನೆ, ಆಸ್ಪತ್ರೆಯಲ್ಲಿ ಸತ್ತವನ ಹೆಂಡತಿಯೂ ಬರುತ್ತಾಳೆ. ನಮ್ಮ ಸಾವಿನ ಬಗ್ಗೆ ಅಷ್ಟು ಜನ ಮಾತಾಡುವಾಗ ನಾವು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕೇನು?

ನಾನು ಕೂಗುತ್ತೇನೆ ಎಂದು ಹೆದರಬೇಡ. ನನಗೆ ಹೆದರಿಕೆ ನಿನ್ನದು. ನೀನು ಕೇಳಿಕೊಂಡೆ, ಈಗ ನಾನು ಹೇಳುತ್ತೇನೆ. ಅವನು ಏನೇ ಅನ್ನಲಿ, ನೀನು ಏಳಕೂಡದು. ನನ್ನನ್ನು ಅನ್ನಲಿ, ನಮ್ಮ ಅಪ್ಪ ಅಮ್ಮನನ್ನು ಅನ್ನಲಿ, ಸತ್ತವನನ್ನೇ ಅನ್ನಲಿ. ಬಾಯಿ ಬಿಟ್ಟರೆ ಬಣ್ಣಗೇಡು. ಬೆಂಚು ಹಿಡಿದುಕೊಂಡು ಕೂತಿರು.

ಒಂದು ಸಲವಾದರೂ ಕೂತಿರು.

ಅಕ್ಕ


ಸೆಪ್ಟೆಂಬರ್ ೨೭

ತಮ್ಮನಿಗೆ,

ಮಸೂದೆ ಪಾಸಾಯಿತು. ಬೆಳಿಗ್ಗೆಯಿಂದ ಅಂಗಡಿಗೆ ಬಂದವರೆಲ್ಲ ಕೈ ಕುಲುಕಿದರು. ಯಜಮಾನರು ಎಲ್ಲರಿಗೂ ಚಹಾ ತರಿಸಿದರು. ನಾನೂ ಕುಡಿದೆ. ಆಮೇಲೆ ಯಂತ್ರದ ಮುಂದೆ ಕೂತು ಒಂದು ಜೊತೆ ಗಾಜು ಹಾಳು ಮಾಡಿದೆ. ಅಂಚು ಉಜ್ಜುತ್ತ ಉಜ್ಜುತ್ತ ಚೌಕಟ್ಟಿಗೆ ನಿಲ್ಲದಷ್ಟು ಚಿಕ್ಕದಾಗಿಹೋಗಿತ್ತು.

ನೀನು ಕೆಳಗಿದ್ದೆ, ನಾನು ಮೇಲಿದ್ದೆ. ನನಗೆ ಕಂಡದ್ದನ್ನು ಬರೆಯುತ್ತೇನೆ.

ಬಾಗಿಲಿನಲ್ಲಿ ಪೇದೆ ನಮ್ಮ ಚೀಲಗಳನ್ನು ಇಟ್ಟುಕೊಂಡ. ಚಪ್ಪಾಳೆ ತಟ್ಟಬಾರದು, ಮಾತಾಡಬಾರದು, ಮುಂದಿನ ಕಟಕಟೆಯ ಮೇಲೆ ಮೊಣಕೈ ಊರಬಾರದು ಎಂದ. ಸ್ಪ್ಯಾನರ್ ಉಸಿರಾಡಬಹುದಾ ಸಾರ್ ಎಂದು ಕೇಳಿದ್ದಕ್ಕೆ, ಮೆಲ್ಲಗೆ ಎಂದ. ನಿನ್ನೆ ನಾವು ನಕ್ಕದ್ದು ಅದೊಂದೇ.

ಜೋಗುಳನನ್ನು ಮೊದಲ ಸಲ ನೋಡಿದೆ. ರಾಕ್ಷಸನ ಹಾಗಿರುತ್ತಾನೆ ಎಂದುಕೊಂಡಿದ್ದೆ. ನಮ್ಮ ಅಂಗಡಿಗೆ ಬರುವ ನಿವೃತ್ತ ಮೇಷ್ಟ್ರುಗಳ ಹಾಗಿದ್ದಾನೆ. ಎಷ್ಟು ಮೆತ್ತಗೆ ಮಾತಾಡುತ್ತಾನೆ. ಒಬ್ಬನೇ ಮಾಡುವ ಕೆಲಸಕ್ಕೆ ಇಬ್ಬರನ್ನು ಕಳಿಸಿದರೆ ಇಬ್ಬರೂ ಹರಟುತ್ತ ಕೂರುತ್ತಾರೆ ಎಂದ. ಎರಡನೆಯವನಿಗೆ ಬಾಯಾರಿಕೆಯಾದರೆ ಸ್ವಿಚ್ಚಿನ ಹತ್ತಿರ ಮೂರನೆಯವನು ಬೇಕಲ್ಲವೇ ಎಂದ. ಕೆಲವರು ನಕ್ಕರು. ನನ್ನ ಪಕ್ಕದಲ್ಲಿ ಕೂತಿದ್ದ ಆ ಹೆಂಗಸು ತನ್ನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಿಸುತ್ತಿದ್ದಳು, ನೋವಾಗುವಷ್ಟು.

ಆಮೇಲೆ ಅವನು ತಲೆ ಎತ್ತಿ ನಮ್ಮನ್ನು ನೋಡಿದ.

“ಆ ಹುಡುಗ ಅವತ್ತು ಕುಡಿದಿದ್ದ ಅಂತ ಹೇಳೋರೂ ಇದ್ದಾರೆ, ಅಧ್ಯಕ್ಷರೇ. ನಾನು ಹೇಳ್ತಿಲ್ಲ. ಹೇಳೋರಿದ್ದಾರೆ.”

ಹೇಳಿ ಸುಮ್ಮನಾದ. ಅಷ್ಟೂ ಹೊತ್ತಿನಲ್ಲಿ ಅವನು ತಾನಾಗಿ ಮಾತು ನಿಲ್ಲಿಸಿದ್ದು ಅಲ್ಲಿ ಮಾತ್ರ. ಒಮ್ಮೆ ನಿನ್ನನ್ನು ನೋಡಿದ, ಒಮ್ಮೆ ನನ್ನನ್ನು. ಇಬ್ಬರಲ್ಲಿ ಯಾರು ಮೊದಲು ಏಳುತ್ತಾರೆ ಎಂದು ಕಾದ.

ಸ್ಪ್ಯಾನರ್ ಅರ್ಧ ಎದ್ದಿದ್ದ. ಅವನ ಅಂಗಿಯ ಹಿಂಭಾಗ ಹಿಡಿದು ಎಳೆದೆ. “ಕೂತ್ಕೊಳ್ಳೋ. ಅವನಿಗೆ ಬೇಕಾಗಿರೋದು ಇದೇ,” ಎಂದು ಕಿವಿಯಲ್ಲಿ ಹೇಳಿದೆ. ಅಂಗಿಯ ಹೊಲಿಗೆ ಬಿಟ್ಟಿತು. ತಮ್ಮಾ, ನಾನು ಇನ್ನೊಬ್ಬರ ಮಗನಿಗೆ ಸುಮ್ಮನಿರು ಎನ್ನುತ್ತಿದ್ದೆ.

ನಿನ್ನ ಕತ್ತಿನ ಹಿಂಭಾಗ ಕಾಣಿಸುತ್ತಿತ್ತು. ಕೆಂಪಗಾಯಿತು. ನೀನು ಏಳಲಿಲ್ಲ.

ಅವನು ಮತ್ತೆ ಮಾತು ಶುರು ಮಾಡುತ್ತಿದ್ದ ಹಾಗೆ ಟೀಚರ್ ಎದ್ದರು. ಸಭಾಧ್ಯಕ್ಷೆ ಒಪ್ಪಿದರು. ನಿಮ್ಮವರು ಎದ್ದು ನಿಂತರು, ಕೆಲವರು ಕ್ಯಾಂಟೀನಿನಿಂದ ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದರು. ಗುಮಾಸ್ತ ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಎಣಿಸಿದ. ನೂರ ಮೂರು. ಇಷ್ಟು ಹೊತ್ತು ಮಾತಾಡಿದ ಬಾಯಿ ಅರ್ಧ ವಾಕ್ಯದಲ್ಲಿ ಮುಚ್ಚಿತು. ಜೋಗುಳ ಕಾಗದಗಳನ್ನು ಜೋಡಿಸಿಕೊಂಡು ಕೂತ, ಬಸ್ಸು ತಪ್ಪಿದವನ ಹಾಗೆ, ಅಷ್ಟೇ.

ನೀನು ಏಳಬಾರದು ಎಂದು ಹೇಳಿದವಳು ನಾನೇ. ನೀನು ಕೇಳಿದೆ. ಅದಕ್ಕೂ ನಿನ್ನ ಮೇಲೆ ನನಗೆ ಸಿಟ್ಟು ಬರುತ್ತಿದೆ. ಇದು ನ್ಯಾಯವಲ್ಲ, ಗೊತ್ತು. ನನ್ನ ಮಗ ಕುಡುಕ ಎಂದು ಒಬ್ಬ ಹೇಳಿದ, ಅವನ ತಾಯಿಯೂ ಸೋದರಮಾವನೂ ಅಲ್ಲೇ ಕೂತು ಕೇಳಿಸಿಕೊಂಡೆವು. ಅವನು ಬಿಯರಿನ ವಾಸನೆಗೇ ಮೂಗು ಮುಚ್ಚುತ್ತಿದ್ದ. ನಿನ್ನ ಮದುವೆಯ ದಿನ ನಿನ್ನ ಗೆಳೆಯರು ಕುಡಿಸಲು ಹೋದಾಗ ಲೋಟ ಹೂವಿನ ಕುಂಡಕ್ಕೆ ಸುರಿದವನು. ನಿನಗೆ ನೆನಪಿಲ್ಲವೇ?

ಆ ಮಾತನ್ನು ಸದನದ ವರದಿಯಿಂದ ಅಳಿಸು. ಅದು ಅಲ್ಲಿ ಇರಕೂಡದು.

ಅಕ್ಕ


ಅಕ್ಟೋಬರ್ ೬

ಅಕ್ಕ,

ಸಭಾಧ್ಯಕ್ಷೆಯನ್ನು ಕಂಡು ಬಂದೆ. ಅಳಿಸಲು ಬರುವುದಿಲ್ಲ.

ತಪ್ಪು ಮಾತನ್ನು ಕಡತದಿಂದ ತೆಗೆಸಬೇಕಾದರೆ ಅದನ್ನು ಆಡಿದ ಕ್ಷಣದಲ್ಲೇ ಯಾರಾದರೂ ಎದ್ದು ಆಕ್ಷೇಪ ಹೇಳಬೇಕು. ಯಾರೂ ಏಳಲಿಲ್ಲ. ನನ್ನ ಜನ ಏಳಬಾರದು ಎಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಎದ್ದಿದ್ದರೆ ಆಕ್ಷೇಪದ ಮೇಲೆ ವಾದ ನಡೆದು ಹೊತ್ತು ಮುಗಿಯುತ್ತಿತ್ತು.

ಈ ನಿಯಮ ನನಗೆ ಹೊಸದಲ್ಲ. ಅಲ್ಲಿ ಕೂತಿದ್ದಾಗ ಗೊತ್ತಿತ್ತು.

ಸದನದೊಳಗೆ ಆಡಿದ ಮಾತಿಗೆ ನ್ಯಾಯಾಲಯಕ್ಕೂ ಹೋಗುವಂತಿಲ್ಲ. ಮುಂದಿನ ಅಧಿವೇಶನದಲ್ಲಿ ನಾನೊಂದು ಹೇಳಿಕೆ ಕೊಡಬಹುದು. ಅವನು ಅದಕ್ಕೆ ಉತ್ತರ ಕೊಡುತ್ತಾನೆ. ಪತ್ರಿಕೆಯಲ್ಲಿ ಕುಡಿತದ ಮಾತು ಎರಡನೆಯ ಸಲ ಅಚ್ಚಾಗುತ್ತದೆ. ಬೇಕೋ ಬೇಡವೋ ನೀನು ಹೇಳು.

ಕ್ಯಾಂಟೀನಿನಲ್ಲಿ ಅವನು ಎಂದಿನ ಹಾಗೆ ಕುರ್ಚಿ ಎಳೆದು ತೋರಿಸಿದ. ಇದರಲ್ಲಿ ವೈಯಕ್ತಿಕ ಏನೂ ಇಲ್ಲ ಎಂದ. ನಾನು ಬೇರೆ ಮೇಜಿಗೆ ಹೋದೆ.

ಹೂವಿನ ಕುಂಡ ನೆನಪಿದೆ. ಆ ಗಿಡ ಸತ್ತಿತು.

ತಮ್ಮ


ಅಕ್ಟೋಬರ್ ೯

ತಮ್ಮನಿಗೆ,

ಹೇಳಿಕೆ ಬೇಡ. ಇನ್ನು ನಿಮ್ಮ ಸದನದ ನಿಯಮಗಳು ನನಗೆ ಸಾಕು. ಜೋಗುಳನಿಗೆ ನಾನೇ ಬರೆದಿದ್ದೇನೆ. ಏನು ಬರೆದೆ ಎಂದು ನಿನಗೆ ತಿಳಿದಿರಲಿ, ನಕಲು ಇದರ ಜೊತೆ ಇದೆ. ತಿದ್ದಿ ಕಳಿಸಬೇಡ. ಮೂಲ ಆಗಲೇ ಅಂಚೆಗೆ ಹೋಗಿದೆ.

ಭಾನುವಾರ ಊಟಕ್ಕೆ ಬಾ. ಸ್ಪ್ಯಾನರ್ ಇರುತ್ತಾನೆ. ಸೋಮವಾರದಿಂದ ಕೆಲಸಕ್ಕೆ ಅವನ ಜೊತೆಗೊಬ್ಬನನ್ನು ಕೊಟ್ಟಿದ್ದಾರೆ.

ಅಕ್ಕ


ಅಕ್ಟೋಬರ್ ೯

ಸ್ವಾಮಿ,

ನಾನು ಯಾರು ಎಂದು ನಿಮಗೆ ಗೊತ್ತು. ನೀವು ತಲೆ ಎತ್ತಿ ನೋಡಿದಾಗ ಮೊದಲ ಸಾಲಿನಲ್ಲಿ ಬೂದು ಸೀರೆಯಲ್ಲಿ ಕೂತಿದ್ದವಳು.

ನನ್ನ ಮಗ ಕುಡಿದಿದ್ದ ಎಂದು ಹೇಳುವವರಿದ್ದಾರೆ ಎಂದಿರಿ. ಯಾರು? ಶವ ಪರೀಕ್ಷೆ ಮಾಡಿದ ವೈದ್ಯರು ಹೇಳಲಿಲ್ಲ. ಪೊಲೀಸರು ಹೇಳಲಿಲ್ಲ. ಪರಿಹಾರ ತಪ್ಪಿಸಲು ಏನನ್ನೂ ಹೇಳಬಲ್ಲ ಕಂಪನಿಯೂ ಇದನ್ನು ಹೇಳಲಿಲ್ಲ. ಒಂದು ವರ್ಷ ಎಂಟು ತಿಂಗಳಲ್ಲಿ ಹೇಳಿದವರು ನೀವೊಬ್ಬರೇ. ಅದೂ ಹೇಳುತ್ತಿಲ್ಲ ಎಂದು ಹೇಳಿ ಹೇಳಿದಿರಿ.

ನಾನು ಕೂಗಲಿ ಎಂದೇ ಅದನ್ನು ಹೇಳಿದಿರಿ. ಅದು ನನಗೆ ಅರ್ಥವಾಗಿತ್ತು. ತಾಯಿಯ ಸಂಕಟದಲ್ಲಿ ಎಷ್ಟು ನಿಮಿಷ ಸಿಗುತ್ತದೆ ಎಂದು ಲೆಕ್ಕ ಹಾಕಿದಿರಿ. ನಿಮಗೆ ಒಂದೂ ಸಿಗಲಿಲ್ಲ. ಆ ಸಿಟ್ಟು ಹಾಗೇ ಇದೆ, ಒಂದು ಚೂರೂ ಖರ್ಚಾಗಿಲ್ಲ.

ಸದನದೊಳಗೆ ಆಡಿದ ಮಾತಿಗೆ ನಿಮ್ಮನ್ನು ಯಾರೂ ಏನೂ ಮಾಡುವಂತಿಲ್ಲ ಎಂದು ನನ್ನ ತಮ್ಮ ಹೇಳಿದ. ಸರಿ. ಹಾಗಾದರೆ ಹೊರಗೆ ಬನ್ನಿ. ಹಳೆ ಅಂಚೆ ಕಚೇರಿಯ ಎದುರು, ಮೆಟ್ಟಿಲಿಳಿದರೆ ಕನ್ನಡಕದ ಅಂಗಡಿ. ಭಾನುವಾರ ಬಿಟ್ಟು ಬೇರೆಲ್ಲ ದಿನ ನಾನಿರುತ್ತೇನೆ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ನನ್ನ ಮುಖ ನೋಡಿಕೊಂಡು, ನಿಮ್ಮ ಮಗ ಕುಡಿದಿದ್ದ ಎಂದು ಹೇಳಿ. ಇಲ್ಲದಿದ್ದರೆ, ಕುಡಿದಿರಲಿಲ್ಲ ಎಂದು ಹೇಳಿ.

ಎರಡರಲ್ಲಿ ಯಾವುದಕ್ಕೂ ಒಂದು ಉಸಿರಿಗಿಂತ ಹೆಚ್ಚು ಬೇಡ. ಮೂರನೆಯ ಮಾತು ತರಬೇಡಿ.

ಅವನ ತಾಯಿ